ರೊಟ್ಟಿ, ಹಪ್ಪಳ ಮತ್ತು ಅಕ್ಕನ ಬಲಗೈ

ನಮ್ಮ ಮನೆಯಲ್ಲಿ ಸ್ನಾನದ ನೀರು ಆರಿಹೋಗುವುದಕ್ಕೆ ನಾನೇ ಕಾರಣ. ಬಕೆಟ್ಟಿಗೆ ಬಿಸಿನೀರು ಬಿಟ್ಟುಕೊಂಡು, ತಣ್ಣೀರು ಬೆರೆಸಿ, ಮೊದಲು ಎಡಗೈ ಅದ್ದುತ್ತೇನೆ. ಆಮೇಲೆ ಮೊಣಕೈ. ನಂಬಿಕೆ ಬರದೆ ಮತ್ತೆ ಎಡಗೈ. ಇಷ್ಟರಲ್ಲಿ ಬಚ್ಚಲ ಬಾಗಿಲ ಆಚೆಯಿಂದ ಹೆಂಡತಿಯ ದನಿ ಕೇಳಿಸುತ್ತದೆ: "ರೀ, ಪರೀಕ್ಷೆ ಮುಗೀತಾ? ರಿಸಲ್ಟ್ ಯಾವಾಗ?" ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪರೀಕ್ಷೆ ನನ್ನ ಕಸುಬು ಎಂದು ಅವಳಿಗೆ ತಮಾಷೆ. ಈ ಅಭ್ಯಾಸ ನನಗೆ ಒಂದು ಮೀನಿನಿಂದ ಅಂಟಿಕೊಂಡಿತು ಎಂದರೆ ನೀವೂ ತಮಾಷೆ ಎಂದುಕೊಳ್ಳುತ್ತೀರಿ. ಹೋದ ವರ್ಷದ ಆಯುಧಪೂಜೆಗೆ ಮೊದಲು ನಾನೂ ಎಲ್ಲರ ಹಾಗೆ ಒಂದು ಬೆರಳು ತಾಕಿಸಿ ಮೈಮೇಲೆ ಸುರಿದುಕೊಳ್ಳುತ್ತಿದ್ದವನೇ.

ನಮ್ಮ ಜಯಕ್ಕ ಹಾಸನದಲ್ಲಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ರವಿಕೆಗಳು, ಮತ್ತು ಕಿಟಕಿಯ ಕೆಳಗೆ ಎಂಟಡಿ ಉದ್ದದ ಗಾಜಿನ ತೊಟ್ಟಿ. ತೊಟ್ಟಿಯಲ್ಲಿ ಎರಡು ಸ್ಟಿಂಗ್‌ರೇ ಮೀನು. ಸಮುದ್ರದಲ್ಲಿರುವ ಇದರ ಬಳಗವನ್ನು ಕರಾವಳಿಯವರು ತೊರಕೆ ಎನ್ನುತ್ತಾರೆ. ಇವು ಸಿಹಿನೀರಿನವು, ಎಲ್ಲೋ ದಕ್ಷಿಣ ಅಮೆರಿಕದ ನದಿಗಳ ಸಂತಾನ. ಹಾಸನಕ್ಕೆ ಬಂದ ಮೇಲೆ ಅವುಗಳ ಜಾತಿ ಬದಲಾಯಿತು. ದುಂಡಗೆ, ಚಪ್ಪಟೆಯಾಗಿ, ಹೆಂಚಿನ ಮೇಲೆ ಅಲ್ಲಲ್ಲಿ ಕಂದಿದಂತೆ ಚುಕ್ಕೆ ಹೊತ್ತ ದೊಡ್ಡದಕ್ಕೆ ನಮ್ಮವ್ವ ರೊಟ್ಟಿ ಎಂದು ಹೆಸರಿಟ್ಟಳು. ಚಿಕ್ಕದು ಹಪ್ಪಳ.

ಒಬ್ಬ ಟೈಲರಮ್ಮನಿಗೆ ಇಂಥ ಮೀನು ಎಲ್ಲಿಂದ ಬಂತು ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಅಕ್ಕನ ಗಿರಾಕಿಯೊಬ್ಬರ ಗಂಡನಿಗೆ ವರ್ಗವಾಯಿತು. "ಎರಡೇ ವಾರ ನೋಡ್ಕೊಳಿ ಜಯಮ್ಮ, ಮನೆ ಸಿಕ್ಕ ಕೂಡಲೇ ತಗೊಂಡು ಹೋಗ್ತೀವಿ" ಎಂದು ತೊಟ್ಟಿಯ ಸಮೇತ ಬಿಟ್ಟುಹೋದರು. ಆಗ ಎರಡೂ ಚಹಾದ ತಟ್ಟೆಯಷ್ಟಿದ್ದವು. ಅವರಿಗೆ ಮನೆ ಸಿಕ್ಕಿತೋ ಇಲ್ಲವೋ, ರೊಟ್ಟಿ ಮಾತ್ರ ಊಟದ ತಟ್ಟೆಯನ್ನು ಮೀರಿ ಬೆಳೆಯಿತು. ಅಕ್ಕ ಮೂರನೇ ಮಿಷನ್ನು ಇಡಬೇಕೆಂದಿದ್ದ ಜಾಗದಲ್ಲಿ ದೊಡ್ಡ ತೊಟ್ಟಿ ಬಂದು ಕೂತಿತು. ಅಳತೆ ಕೊಡಲು ಬಂದ ಹೆಂಗಸರು ಟೇಪು ಸುತ್ತಿಸಿಕೊಳ್ಳುತ್ತ ಕತ್ತು ಮಾತ್ರ ತೊಟ್ಟಿಯ ಕಡೆ ತಿರುಗಿಸುತ್ತಿದ್ದರು. ರೊಟ್ಟಿ ಗಾಜಿಗೆ ಹೊಟ್ಟೆ ಒತ್ತಿ ಮೇಲೇರುವಾಗ ಅಡಿಯಲ್ಲಿರುವ ಬಾಯಿ, ಮೂಗಿನ ಹೊಳ್ಳೆ ಎಲ್ಲ ಸೇರಿ ಥೇಟ್ ಮಗುವಿನ ಮುಖ. "ಜಯಕ್ಕಾ, ನನ್ನ ನೋಡಿ ನಗ್ತೈತೆ ಕಣಕ್ಕ!" ಎಂದು ಒಬ್ಬಳು ಕುಣಿದರೆ, "ಅಳ್ಳಾಡಬ್ಯಾಡ ಕಣೇ, ತೋಳು ಗಿಡ್ಡ ಆಯ್ತದೆ" ಎಂದು ಅಕ್ಕ ಗದರುತ್ತಿದ್ದಳು.

ಅಕ್ಕನಿಗೆ ಆ ಮೀನುಗಳ ಮೇಲೆ ಯಾಕಷ್ಟು ಪ್ರೀತಿ ಎಂಬುದು ಭಾವನಿಗೆ ತಿಳಿಯದು, ನನಗೆ ತಿಳಿದಿದೆ. ನಾವು ಹುಟ್ಟಿ ಬೆಳೆದದ್ದು ಹೊಳೆನರಸೀಪುರದಲ್ಲಿ. ಬೇಸಿಗೆಯಲ್ಲಿ ಹೇಮಾವತಿ ತೆಳ್ಳಗಾಗಿ ಬಂಡೆಗಳ ನಡುವೆ ಮಡುಗಟ್ಟಿ ನಿಂತಾಗ, ಗಾಳ ಬಲೆ ಏನೂ ಇಲ್ಲದೆ ಬರಿಗೈಯಲ್ಲಿ ಕಲ್ಲಿನಡಿ ತಡಕಿ ಮೀನು ಹಿಡಿಯುವುದರಲ್ಲಿ ನಮ್ಮ ಬೀದಿಗೆಲ್ಲ ಅವಳೇ ಮೊದಲು. ಅದು ಇಬ್ಬರ ಕೆಲಸ. ಒಂದು ಕಲ್ಲಿನ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು. "ನೀನು ಅತ್ಲಾಗಿಂದ ಅಟ್ಟು, ನಾನು ಇತ್ಲಾಗ್ ಇಡೀತೀನಿ" ಎನ್ನುತ್ತಿದ್ದಳು. ನಾನು ಆ ಕಡೆಯಿಂದ ಕೈ ಹಾಕಿ ಕೆದಕಬೇಕು. ಗಾಬರಿಗೊಂಡ ಮೀನು ಸೀದಾ ಅವಳ ಅಂಗೈಗೆ ಬರಬೇಕು. ಅವಳು ಅಂಗೈ ಬಿಚ್ಚಿ ಮರಳ ಮೇಲೆ ಇಟ್ಟು ಅಲ್ಲಾಡದೆ ಕಾಯುವಳು. ಕಣ್ಣು ಮುಚ್ಚಿಕೊಂಡೇ ಹೇಳುವಳು: "ಇದು ಏಡಿ... ಇದು ಬೇರು... ಇದು ನಮ್ ಮಂಜನ ಬೆಳ್ಳು, ಎಷ್ಟ್ ಮೆತ್ಗೈತೆ ನೋಡು, ಎರೆಹುಳ ಇದ್ದಂಗೆ!" ಅವಳ ಅಂದಾಜು ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ. ಹದಿಮೂರು ದಾಟುತ್ತಿದ್ದಂತೆ ಅವಳನ್ನು ಹೊಳೆಗೆ ಬಿಡುವುದನ್ನು ನಿಲ್ಲಿಸಿದರು. ನಾನೊಬ್ಬನೇ ಎರಡು ಸಲ ಹೋಗಿ, ಎರಡೂ ಸಲ ಏಡಿಯಿಂದ ಕಚ್ಚಿಸಿಕೊಂಡು ಬಂದೆ. ಅವಳು ಸೂಜಿ ಹಿಡಿದಳು, ನಾನು ಪುಸ್ತಕ ಹಿಡಿದೆ.

ಪುಸ್ತಕದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ರೆಕಾರ್ಡಿನಲ್ಲಿ ಇದೇ ಮೀನಿನ ಚಿತ್ರ ಬರೆದಿದ್ದೆ. ಬಾಲದ ಮೇಲಿನ ಮುಳ್ಳಿಗೆ ಚೂಪಾದ ಪೆನ್ಸಿಲಿನಲ್ಲಿ ಗರಗಸದ ಹಲ್ಲು ಕೊರೆದು, ಬಾಣದ ಗುರುತು ಹಾಕಿ, 'ವಿಷಮುಳ್ಳು' ಎಂದು ದುಂಡಾಗಿ ಬರೆದಿದ್ದೆ. ಹತ್ತಕ್ಕೆ ಹತ್ತು. ಚುಚ್ಚಿದರೆ ಏನು ಮಾಡಬೇಕು ಎಂದು ರೆಕಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಹೋದೆ. ಭಾವ ಸಾರಿಗೆ ಬಸ್ಸಿನ ಡ್ರೈವರ್. ಡಿಪೋದಲ್ಲಿ ಬಸ್ಸಿಗೆ ಪೂಜೆ ಎಂದು ಹೊರಟುಹೋಗಿದ್ದರು. ಮನೆಯಲ್ಲಿ ಅಕ್ಕ, ಅವ್ವ, ನಾನು. ಮಿಷನ್ನುಗಳನ್ನು ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿಯಾಯಿತು. ಕತ್ತರಿಗಳಿಗೆ ಅರಿಸಿನ ಕುಂಕುಮ. ಇಸ್ತ್ರಿಪೆಟ್ಟಿಗೆಗೆ ಒಂದು ಹೂವು. ಆವತ್ತು ಸೂಜಿಯನ್ನೂ ಮುಟ್ಟುವ ಹಾಗಿಲ್ಲ. ಕೋಣೆಯೆಲ್ಲ ಸದ್ದಡಗಿ ನಿಂತಾಗ, ತೊಟ್ಟಿಯ ಕೆಳಗಿನ ಫಿಲ್ಟರ್ ಡಬ್ಬ ಮಾತ್ರ ಗುಯ್ ಎನ್ನುತ್ತಿತ್ತು. ತೊಟ್ಟಿಯ ನೀರನ್ನು ಎಳೆದು, ಸೋಸಿ, ಮತ್ತೆ ತೊಟ್ಟಿಗೇ ಬಿಡುವುದು ಅದರ ಕೆಲಸ.

"ಎಲ್ಲಾವೂ ಕುಂತವೆ, ಇದೊಂದು ದುಡೀತಾ ಐತೆ, ಪಾಪ" ಎಂದಳು ಅವ್ವ. "ಇದೂ ಮಿಷನ್ನೇ ಅಲ್ವಾ? ವರ್ಷವೆಲ್ಲ ಒಂದ್ ಗಳಿಗೆ ನಿಂತಿಲ್ಲ. ಇವತ್ತೊಂದಿನ ಪೂಜೆ ಮಾಡಿ ಮಲಗ್ಸು."

ಅಕ್ಕ ಅನುಮಾನಿಸಿದಳು. ನನ್ನ ಕಡೆ ತಿರುಗಿ, "ಏನ್ಲಾ ಮೇಷ್ಟ್ರೆ, ಒಂದಿನ ನಿಲ್ಸುದ್ರೆ ಏನೂ ಆಗಕಿಲ್ವಾ?" ಎಂದಳು.

ನಾನು ಕಾಫಿ ಲೋಟ ಕೆಳಗಿಟ್ಟು, ತರಗತಿಯ ದನಿಯಲ್ಲಿ ಹೇಳಿದೆ: "ಏನಾಗ್ತದೆ ಬುಡಕ್ಕ? ಹೊಳೇಲಿ ಯಾವ ಫಿಲ್ಟರ್ ಇತ್ತು?"

ಅಷ್ಟಕ್ಕೇ ಬಿಡಲಿಲ್ಲ. ಸ್ವಿಚ್ ಆರಿಸಿದವನು ನಾನೇ. ಡಬ್ಬ ಬಿಚ್ಚಿ, ಒಳಗಿನ ಕಂದುಬಣ್ಣದ ಸ್ಪಂಜುಗಳನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದವನೂ ನಾನೇ. ಮೀನಿನ ಕೊಳೆಯೊಳಗಿನ ವಿಷವನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳು ಆ ಕಂದು ಲೋಳೆಯಲ್ಲೇ ಬದುಕುತ್ತವೆ. ಪ್ರತಿವರ್ಷ ಸಾರಜನಕ ಚಕ್ರದ ಪಾಠ ಮಾಡುವಾಗ ಬೋರ್ಡಿನ ತುಂಬ ಬಾಣ ಎಳೆದು ನಾನು ಹೇಳಿಕೊಡುವುದು ಇದನ್ನೇ. ಬೋರ್ಡಿನಿಂದ ಬಚ್ಚಲಿಗೆ ಬರುವಷ್ಟರಲ್ಲಿ ಮರೆತಿದ್ದೆ. ಡಬ್ಬಕ್ಕೆ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಚೆನ್ನಾಗಿ ಕಂಡಿತೆಂದು ಫೋಟೋ ಬೇರೆ ತೆಗೆದೆ. ಅವ್ವ ಹಬ್ಬವೆಂದು ಮೀನುಗಳಿಗೆ ಎಂದಿಗಿಂತ ಎರಡು ಹಿಡಿ ಹೆಚ್ಚು ಸೀಗಡಿ ಹಾಕಿದಳು.

ಮಧ್ಯಾಹ್ನ ಊಟ ಮಾಡಿ ಒರಗಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಅಕ್ಕ ಕೂಗಿದಳು: "ಲೇ ಮಂಜ, ಬಾರ್ಲಾ ಇಲ್ಲಿ!"

ಹಪ್ಪಳದ ಅಂಚುಗಳು ಮೇಲಕ್ಕೆ ಸುರುಳಿ ಸುತ್ತಿಕೊಂಡಿದ್ದವು, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆಯೇ. ರೊಟ್ಟಿ ಒಂದು ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು. ಕಣ್ಣ ಹಿಂದಿನ ಉಸಿರುತೂತುಗಳು ಪಟಪಟ ಬಡಿದುಕೊಳ್ಳುತ್ತಿದ್ದವು.

"ನೀರು ಕೆಟ್ಟೋಗೈತೆ. ಎರಡ್ನೂ ಬ್ಯಾರೆ ನೀರಿಗೆ ಬುಡಬೇಕು. ಟಬ್ ತಾ" ಎಂದಳು ಅಕ್ಕ.

ಈ ಮೀನನ್ನು ಎತ್ತುವುದಕ್ಕೆ ಒಂದು ಕ್ರಮವಿದೆ. ಬಲೆ ಹಾಕಬಾರದು, ಕೈ ಹಾಕಬಾರದು. ಅಗಲವಾದ ಟಬ್ಬನ್ನು ನೀರೊಳಗೆ ಓರೆಯಾಗಿ ಇಳಿಸಿ, ಮೀನು ತಾನಾಗಿ ಒಳಗೆ ಬಂದ ಮೇಲೆ ನೀರಿನ ಸಮೇತ ಎತ್ತಬೇಕು. ಮೊದಲ ಮಾಲೀಕರು ಇದನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಕ್ಕ ಚೀಟಿಯನ್ನು ಗೋಡೆಗೂ ಅಂಟಿಸಿದ್ದಳು. ಆದರೆ ಟಬ್ಬಿನ ತುಂಬ ಪೂಜೆಯ ಕಡ್ಲೆಪುರಿ. ನಾನು ಅದನ್ನು ಎಲ್ಲಿ ಸುರಿಯುವುದೆಂದು ಪೇಪರು ಹುಡುಕುತ್ತಿದ್ದಾಗ, ಅವಳು ಕಾಯಲಿಲ್ಲ. ಬಳೆ ಮೇಲಕ್ಕೇರಿಸಿ ಬಲಗೈಯನ್ನು ನೀರಿಗಿಳಿಸಿದಳು. ಅಂಗೈ ಬಿಚ್ಚಿ, ಮರಳ ಮೇಲೆ ಜಾರಿಸುತ್ತ, ರೊಟ್ಟಿಯ ಹೊಟ್ಟೆಯಡಿಗೆ. ಹೇಮಾವತಿಯಲ್ಲಿ ಮಾಡುತ್ತಿದ್ದ ಹಾಗೆಯೇ.

ಮುಂದಿನದು ಎರಡು ಉಸಿರಿನಷ್ಟು ಹೊತ್ತಿನ ಮಾತು. ಒಂದು ವರ್ಷದಿಂದ ನಾನು ದಿನವೂ ಅದನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತಿದ್ದೇನೆ. ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಬಲೆಯನ್ನು ತೆಗೆದುಕೊಂಡೆ. ತೊಟ್ಟಿಯ ಆ ತುದಿಗೆ ಹೋದೆ. ಯಾರೂ ಹೇಳಲಿಲ್ಲ. ಅವಳು ಈ ಬದಿಯಲ್ಲಿ ಕೈ ಇಟ್ಟು ಕಾಯುತ್ತಿದ್ದರೆ ನಾನು ಆ ಬದಿಯಿಂದ ಅಟ್ಟಬೇಕು ಎಂಬುದು ನನ್ನ ಮೈಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಬಲೆ ಇಳಿಸಿ ರೊಟ್ಟಿಯ ಬೆನ್ನ ಹಿಂದೆ ಕೆದಕಿದೆ.

ಮರಳು ಎದ್ದಿತು. ಬಾಲ ಬೀಸಿದ್ದು ಕಾಣಲೇ ಇಲ್ಲ. ಬಲೆಯ ಹಿಡಿ ನನ್ನ ಕೈಯಲ್ಲಿ ಒಂದು ಸಲ ಜಗ್ಗಿತು, ಅಷ್ಟೆ. ಅಕ್ಕ ಕೈ ಹೊರಗೆ ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವಿನ ಜಾಗವನ್ನು ನೋಡಿ, "ಇದೇನ್ಲಾ ಇದು" ಎಂದಳು. ಸೂಜಿ ಚುಚ್ಚಿಸಿಕೊಂಡೇ ಬದುಕಿದವಳು, ದನಿ ಏರಿಸಲಿಲ್ಲ. ಆಮೇಲೆ ರಕ್ತ ಬಂತು. ಹಿಂದೆಯೇ ಅವಳ ಮುಖದ ಬಣ್ಣ ಇಳಿದು, ಮೈಯೆಲ್ಲ ಬೆವೆತು, ನೆಲಕ್ಕೆ ಕುಸಿದು ಕೂತಳು. ನಮ್ಮ ಅಕ್ಕ ಅಳುವುದನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ. ಈಗ ಅವಳು ಅಳಲಿಲ್ಲ, ಕಿರುಚಿದಳು. "ಕೈ ಉರೀತೈತೆ ಕಣವ್ವಾ, ಭುಜದ ತಂಕ ಉರೀತೈತೆ!"

ಹತ್ತಕ್ಕೆ ಹತ್ತು ತೆಗೆದವನು ಓಡಿದ್ದು ಫ್ರಿಜ್ಜಿಗೆ. ಐಸಿನ ತಟ್ಟೆ ಕಿತ್ತುಕೊಂಡು ಬರುವಾಗ ಅವ್ವ ಅಡ್ಡ ನಿಂತಳು.

"ಏನ್ಲಾ ಅದು?"

"ಐಸು."

"ಐಸ್ ಮಡಗಬ್ಯಾಡ! ಇದು ಮೀನ್ ಮುಳ್ಳಿನ ನಂಜು ಕಣ್ಲಾ. ಕೊಣನೂರಲ್ಲಿ ನಮ್ಮಪ್ಪುಂಗೆ ಚೇಳ್ ಮೀನು ಚುಚ್ಚಿದಾಗ ನಮ್ಮವ್ವ ಐಸ್ ತಂದಿದ್ಲಾ? ಬಿಸ್ನೀರು ತಾ!"

ಅವ್ವನ ತವರು ಅರಕಲಗೂಡಿನ ಆಚೆ, ಕೊಣನೂರು. ಕಾವೇರಿಯ ದಡದಲ್ಲಿ ಬೆಳೆದವಳು. ಚೇಳಿನಂತೆ ಚುಚ್ಚುವ ಆ ಮೀನನ್ನು ಅಲ್ಲಿ ಎಲ್ಲರೂ ಬಲ್ಲರು. ನಾನು ಗೀಸರಿನಿಂದ ಬಕೆಟ್ಟಿಗೆ ನೀರು ಹಿಡಿದು ತಂದೆ. ಅಕ್ಕನ ಕೈಯನ್ನು ಅದ್ದಲು ಹೋದಾಗ ಅವ್ವ ಮತ್ತೆ ತಡೆದಳು. "ಮೊದ್ಲು ನಿನ್ ಕೈ ಅದ್ದು. ಅವಳ್ಗೆ ಈಗ ಬಿಸಿ ತಣ್ಣಗೆ ಒಂದೂ ತಿಳಿಯಕಿಲ್ಲ. ನಿನ್ ಕೈ ತಡ್ಕಬೇಕು, ಅಷ್ಟು ಬಿಸಿ. ಮಗಳ ಕೈ ಬೇಯಿಸ್ಬುಟ್ಟೀಯ!"

ಎಡಗೈ ಅದ್ದಿದೆ. ಮೊಣಕೈ ಅದ್ದಿದೆ. ಮತ್ತೆ ಎಡಗೈ. ಆಮೇಲೆ ಅಕ್ಕನ ಕೈ ಇಳಿಯಿತು. ಸ್ವಲ್ಪ ಹೊತ್ತಿಗೆ ಕಿರುಚಾಟ ನರಳಾಟವಾಯಿತು. ನರಳಾಟದ ನಡುವೆ ಮಾತು ಬಂತು. ಮೊದಲನೆಯ ಮಾತೇ, "ಮೋಟ್ರು ಹಾಕ್ಲಾ! ಅವು ಸಾಯ್ತವೆ!"

ಫಿಲ್ಟರಿನ ಸ್ವಿಚ್ ಹಾಕಿ, ಬೀದಿಯಲ್ಲಿ ಹೋಗುತ್ತಿದ್ದ ಆಟೋ ಕರೆದೆ. ಎರಡು ಬದಿಗೂ ಬಾಳೆಕಂದು, ಮುಂದೆ ಕುಂಬಳಕಾಯಿ ಗಾತ್ರದ ಚೆಂಡುಹೂವಿನ ಹಾರ. ಆ ಮದುವಣಗಿತ್ತಿ ಆಟೋದಲ್ಲಿ ಅಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಕೈಯಿಟ್ಟು ಕೂತಳು. ಅವ್ವ ಕಾಫಿ ಫ್ಲಾಸ್ಕಿನ ತುಂಬ ಕುದಿನೀರು ಹಿಡಿದು ಕೂತಳು. ನಾನು ನಡುವೆ ಬಗ್ಗಿ ಕುಳಿತು, ಆರಿದಂತೆಲ್ಲ ಫ್ಲಾಸ್ಕಿನಿಂದ ಹಾಕುತ್ತ, ನನ್ನ ಕೈಯಿಂದ ಕದಡುತ್ತ ಹೋದೆ.

"ಏನ್ ಸಾ, ಏನ್ ಕಚ್ತು?" ಎಂದ ಆಟೋದವನು.

"ಮೀನು."

"ಮೀನಾ? ಯಾವ್ ಕೆರೇಲಿ ಸಾ?"

"ಮನೇಲಿ."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಹಬ್ಬದ ದಿನ ಬೆಳಿಗ್ಗೆಯಿಂದಲೇ ಕುಡಿಯಲು ಶುರುಮಾಡಿದ್ದಾನೆ ಎಂದುಕೊಂಡಿರಬೇಕು. ಮುಂದೆ ಏನೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ಡಾಕ್ಟರಮ್ಮ, "ಸ್ಟಿಂಗ್‌ರೇನಾ? ಹಾಸನದಲ್ಲಾ?" ಎಂದು ಎರಡು ಸಲ ಕೇಳಿದರು. ನಾನು ಅದರ ಕುಲಗೋತ್ರ ವಿವರಿಸಲು ಬಾಯಿ ತೆರೆದಾಗ ಅವ್ವ, "ನೀನ್ ಸುಮ್ಕಿರ್ಲಾ" ಎಂದಳು. ಡಾಕ್ಟರು ಬಕೆಟ್ಟಿನ ನೀರು ಮುಟ್ಟಿ ನೋಡಿ, "ಸರಿಯಾಗಿ ಮಾಡಿದ್ದೀರಿ. ಯಾರು ಹೇಳಿದ್ದು?" ಎಂದು ನನ್ನ ಕನ್ನಡಕದ ಕಡೆ ನೋಡಿದರು. ನಾನೇ ಎಂದುಬಿಡುವ ಆಸೆಯಾಯಿತು, ನಿಮ್ಮಲ್ಲಿ ಮುಚ್ಚಿಡುವುದೇನು? ಆಮೇಲೆ ಅವ್ವನನ್ನು ತೋರಿಸಿದೆ. ಎಕ್ಸ್‌ರೇ ತೆಗೆದಾಗ ಮುಳ್ಳಿನ ಚೂರೊಂದು ಒಳಗೇ ಮುರಿದು ಉಳಿದಿರುವುದು ಕಂಡಿತು. ಕೈ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕೊಯ್ದು ತೆಗೆದರು. ಹೆಬ್ಬೆರಳು ಸ್ವಲ್ಪ ದಿನ ಬಿಗಿದುಕೊಳ್ಳಬಹುದು ಎಂದರು. "ಸ್ವಲ್ಪ ದಿನ ಅಂದ್ರೆ? ನಾನು ಕತ್ತರಿ ಇಡಿಯೋಳು" ಎಂದಳು ಅಕ್ಕ. ಡಾಕ್ಟರು, "ನೋಡೋಣ" ಎಂದರು. ವೈದ್ಯರು ಹೇಳುವ ಮಾತುಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವ ಮಾತು ಅದು.

ಹಣೆಗೆ ಕುಂಕುಮ ಮೆತ್ತಿಕೊಂಡು ಡಿಪೋದಿಂದ ಓಡಿಬಂದ ಭಾವ ಎಲ್ಲ ಕೇಳಿದ ಮೇಲೆ ಹೇಳಿದ್ದು ಒಂದೇ: "ಬಾಮೈದ ಪೂಜೆ ಚೆನ್ನಾಗ್ ಮಾಡವ್ನೆ."

ಮರುದಿನ ಬೆಳಿಗ್ಗೆ ಹಪ್ಪಳ ಸತ್ತಿತು. ಕರಿಬೇವಿನ ಗಿಡದ ಬುಡದಲ್ಲಿ ಹೂಳಿದೆವು. ರೊಟ್ಟಿ ಉಳಿಯಿತು. ಅದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಅಕ್ಕ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು. "ಅದುಕ್ಕೆ ಮುಳ್ಳೈತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಿಂಗೆ ತಲೆ ಇಲ್ಲ ಅಂತ ಮಾತ್ರ ಮೊನ್ನೆ ಗೊತ್ತಾಯ್ತು."

ದೀಪಾವಳಿಯ ರವಿಕೆಗಳೆಲ್ಲ ಬೇರೆ ಟೈಲರುಗಳ ಪಾಲಾದವು. ಮಿಷನ್ನನ್ನು ಕಾಲಲ್ಲಿ ತುಳಿಯಬಹುದು. ಕತ್ತರಿಗೆ ಹೆಬ್ಬೆರಳೇ ಬೇಕು. ಬಟ್ಟೆ ಕೊಡಲು ಬಂದ ಹೆಂಗಸರು ರೊಟ್ಟಿಯನ್ನು ಬೈದು, ಕಾಫಿ ಕುಡಿದು, ಬಟ್ಟೆ ಹಿಂದಕ್ಕೆ ತೆಗೆದುಕೊಂಡು ಹೋದರು. ಅಕ್ಕ ಇಡೀ ದಿನ ಹತ್ತಿಯ ಉಂಡೆಯೊಂದನ್ನು ಹಿಸುಕುತ್ತ ತೊಟ್ಟಿಯ ಮುಂದೆ ಕೂರುತ್ತಿದ್ದಳು. ನಾನು ಪ್ರತಿ ಭಾನುವಾರ ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಹೋಗಿ ಅವಳ ಹೆಬ್ಬೆರಳನ್ನು ನೋಡಿ ಬರುತ್ತಿದ್ದೆ. ಬಲೆಯ ವಿಷಯ ಹೇಳಬೇಕು ಎಂದು ಪ್ರತಿ ಸಲವೂ ಹೊರಡುತ್ತಿದ್ದೆ. ಸ್ವಿಚ್ಚಿನ ತಪ್ಪು ಎಲ್ಲರಿಗೂ ಗೊತ್ತಿತ್ತು, ಫೋಟೋ ಬೇರೆ ಇತ್ತು. ಬಲೆಯ ತಪ್ಪನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅವ್ವ ಒಳಗಿದ್ದಳು, ಅಕ್ಕನ ಕಣ್ಣು ಮೀನಿನ ಮೇಲಿತ್ತು. ಮೀನು ಸಾಕ್ಷಿ ಹೇಳುವುದಿಲ್ಲವಲ್ಲ.

ಎರಡು ತಿಂಗಳಾದ ಮೇಲೆ ಮೊದಲ ಸಲ ಕತ್ತರಿ ಹಿಡಿದಳು. ಗಿರಾಕಿಯ ಬಟ್ಟೆಯ ಮೇಲೆ ಪ್ರಯೋಗ ಮಾಡುವ ಧೈರ್ಯವಿರಲಿಲ್ಲ, ನನ್ನ ಶರ್ಟಿನ ಬಟ್ಟೆ ತಂದುಕೊಂಡಳು. ಶರ್ಟು ಬಂತು. ಎಡಗಡೆಯ ಕಾಲರು ಬಲಗಡೆಯದಕ್ಕಿಂತ ಒಂದು ನೂಲು ಮೇಲೆ, ಜೇಬು ಬಸ್ಸಿಗೆ ಕಾಯುವವನ ಹಾಗೆ ಓರೆಯಾಗಿ ನಿಂತಿದೆ. ಶಾಲೆಗೆ ಹಾಕಿಕೊಂಡು ಹೋದೆ. ಹಿಂದಿನ ಬೆಂಚಿನಿಂದ ನಗು ಬಂತು. ಪಾಠ ಮುಂದುವರಿಸಿದೆ.

ಈ ವರ್ಷದ ಆಯುಧಪೂಜೆಗೆ ಅದೇ ಶರ್ಟು ತೊಟ್ಟು ಹೋದೆ. ಮಿಷನ್ನುಗಳಿಗೆ ಹಾರ ಬಿದ್ದಿತ್ತು. ಫಿಲ್ಟರು ಗುಯ್ ಎನ್ನುತ್ತಿತ್ತು. ಅವ್ವ ಓಡುತ್ತಿರುವ ಡಬ್ಬಕ್ಕೆ ದೂರದಿಂದಲೇ ಒಂದು ಹೂವು ಎಸೆದು, "ನೀನು ದುಡಿಯಪ್ಪ, ನಿಂಗೆ ರಜಾ ಇಲ್ಲ" ಎಂದಳು. ಕಡ್ಲೆಪುರಿ ಈ ಸಲ ಸ್ಟೀಲಿನ ಡಬರಿಯಲ್ಲಿತ್ತು. ಟಬ್ಬು ಖಾಲಿಯಾಗಿ ತೊಟ್ಟಿಯ ಪಕ್ಕದಲ್ಲೇ ಇತ್ತು. ನಾಲ್ಕು ಗಂಟೆಯ ಹೊತ್ತಿಗೆ ಅಕ್ಕ ಉದ್ದ ಇಕ್ಕಳದಲ್ಲಿ ಸೀಗಡಿ ಇಳಿಸುತ್ತಿದ್ದಳು. ಅದೇ ಹೊತ್ತು, ಅದೇ ಜಾಗ. ನನ್ನ ಬಾಯಿಂದ ತಾನಾಗಿ ಬಂತು:

"ಅಕ್ಕ, ಆವತ್ತು ಅತ್ಲಾಗಿಂದ ಬಲೆ ಬುಟ್ಟಿದ್ದು ನಾನು. ಅದುಕ್ಕೇ ಅದು ಗಾಬರಿ ಬಿದ್ದಿದ್ದು."

ಅವಳು ಇಕ್ಕಳ ತೆಗೆಯಲಿಲ್ಲ. ರೊಟ್ಟಿ ಸೀಗಡಿ ಎಳೆದುಕೊಂಡು ಹೋಗುವವರೆಗೂ ಕಾದು, ನಿಧಾನವಾಗಿ ಹೇಳಿದಳು: "ಗೊತ್ತು ಕಣ್ಲಾ."

"ಎಂಗೆ? ನೀನು ನೋಡ್ಲಿಲ್ವಲ್ಲ."

"ನೋಡೋದೇನು? ನೀರಲ್ಲಿ ಕೈ ಇತ್ತು. ಬಲೆ ನೂಲು ತಾಕ್ತು. ನೀನಲ್ದೆ ಇನ್ಯಾರು ಅತ್ಲಾಗಿಂದ ಅಟ್ಟೋರು ನಂಗೆ?"

ಒಂದು ವರ್ಷ ಬಾಯಿ ಬಿಡದೆ ಇದ್ದವಳು ಅವಳು. ನಾನು ಕಡ್ಲೆಪುರಿಗೆ ಕೈ ಹಾಕಿದೆ. ಅವಳು ನನ್ನ ಕಾಲರಿನ ಕಡೆ ನೋಡಿ ಮುಖ ಸಿಂಡರಿಸಿದಳು. "ಈ ದರಿದ್ರ ಶರ್ಟು ಬಿಚ್ಚಾಕು. ನಾಳೀಕೆ ಬ್ಯಾರೆ ಒಲ್ಕೊಡ್ತೀನಿ."

ಮರುದಿನ ವಿಜಯದಶಮಿ, ಮಲಗಿದ್ದ ಮಿಷನ್ನುಗಳನ್ನು ಮತ್ತೆ ಎಬ್ಬಿಸುವ ದಿನ. ವರ್ಷದ ಮೊದಲ ಕತ್ತರಿ ನನ್ನ ಬಟ್ಟೆಗೆ. ಮೇಜಿನ ಮೇಲೆ ಹಾಸಿ, ಚಾಕಿನಲ್ಲಿ ಗೆರೆ ಎಳೆದಳು. ಬಟ್ಟೆ ಜಾರುತ್ತಿತ್ತು. "ಅತ್ಲಾಗಿಂದ ಇಡ್ಕೊ. ಅಳ್ಳಾಡ್ಸಬ್ಯಾಡ" ಎಂದಳು. ನಾನು ಎದುರು ನಿಂತು, ಗೆರೆಯ ಕೊನೆಯಲ್ಲಿ ಎರಡು ಬೆರಳಿಂದ ಬಟ್ಟೆಯನ್ನು ಬಿಗಿಹಿಡಿದೆ. ಅವಳ ಹೆಬ್ಬೆರಳಿನ ಬುಡದಲ್ಲಿ ಬೆಳ್ಳಗೆ ಕಾಣುವ ಗುರುತು ಕತ್ತರಿಯ ಜೊತೆ ಮಡಿಸಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಬಂತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಓರೆಯಾಗಲಿಲ್ಲ. ಕತ್ತರಿಯ ಎರಡು ತುದಿಗಳು ಗೆರೆಯ ಮೇಲೆ ನೆಟ್ಟಗೆ ನನ್ನ ಬೆರಳಿನವರೆಗೂ ಬಂದು, ಉಗುರಿಗೆ ತಣ್ಣಗೆ ತಾಕಿ ನಿಂತವು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.